ಜೋಡಿಯಾಗಿ ಅಡುಗೆ ಕ್ಲಾಸಿಗೆ: ಎಲ್ಲಿ ಹುಡುಕಬೇಕು, ಏನು ಕೇಳಬೇಕು

ಅಡುಗೆ ಕ್ಲಾಸುಗಳಲ್ಲಿ ಎರಡು ಬಗೆ. ಒಂದು ಹೊಟ್ಟೆಪಾಡಿನದು: ಹೋಟೆಲ್ ಮ್ಯಾನೇಜ್‌ಮೆಂಟ್, ಬೇಕರಿ ಡಿಪ್ಲೊಮಾ, ಸ್ವಉದ್ಯೋಗ ತರಬೇತಿ. ಇನ್ನೊಂದು ಖುಷಿಯದು: ಶನಿವಾರವೋ ಭಾನುವಾರವೋ ಮೂರು ಗಂಟೆ ಹೋಗಿ, ಏನಾದರೊಂದನ್ನು ಕೈಯಾರೆ ಮಾಡಿ, ಅಲ್ಲೇ ತಿಂದು, ಮಿಕ್ಕದ್ದನ್ನು ಡಬ್ಬಿಗೆ ತುಂಬಿಕೊಂಡು ಬರುವುದು. ಮೊಬೈಲ್‌ನಲ್ಲಿ ‘ಕುಕಿಂಗ್ ಕ್ಲಾಸ್’ ಎಂದು ಹುಡುಕಿದರೆ ಎರಡೂ ಕಲಸಿಕೊಂಡು ಬರುತ್ತವೆ. ಹೊಸದಾಗಿ ಸಂಸಾರ ಹೂಡಿದ ದಂಪತಿಗೆ ಬೇಕಿರುವುದು ಒಂದು ಬೆಳಗಿನ ಪಾಸ್ತಾ ಕ್ಲಾಸು. ಕಣ್ಣಿಗೆ ಬೀಳುವುದು ಆರು ತಿಂಗಳ ಡಿಪ್ಲೊಮಾದ ಜಾಹೀರಾತು.

ಖುಷಿಗಾಗಿ ಕಲಿಯಹೊರಟವರಿಗೆ ದಾರಿ ತೋರಿಸುವುದು ಈ ಲೇಖನದ ಕೆಲಸ. ಕ್ಲಾಸನ್ನು ಅಳೆಯಲು ಒಂದೇ ಅಳತೆಗೋಲು ಸಾಕು: ಅಲ್ಲಿ ಕಲಿತದ್ದನ್ನು ಮುಂದಿನ ಭಾನುವಾರ ನಿಮ್ಮ ಮನೆಯ ಒಲೆಯ ಮೇಲೆ, ನಿಮ್ಮ ಪಾತ್ರೆಯಲ್ಲಿ, ಯಾರಿಗೂ ಫೋನ್ ಮಾಡದೆ ಮಾಡಲು ಬರುತ್ತದೆಯೇ? ಬಂದರೆ ಕೊಟ್ಟ ದುಡ್ಡು ವಸೂಲು. ಸರ್ಟಿಫಿಕೇಟು, ಏಪ್ರನ್ ಕಟ್ಟಿಕೊಂಡ ಫೋಟೊ ಎಲ್ಲ ಆಮೇಲೆ.

ಯಾವುದಕ್ಕೆ ಕ್ಲಾಸ್ ಬೇಕು, ಯಾವುದಕ್ಕೆ ಬೇಡ

ಬಿಸಿಬೇಳೆ ಬಾತ್, ಪುಳಿಯೋಗರೆ ಗೊಜ್ಜು, ಪನೀರ್ ಬಟರ್ ಮಸಾಲ ಇಂಥವಕ್ಕೆ ಕ್ಲಾಸಿನ ಅಗತ್ಯ ಅಷ್ಟಾಗಿ ಇಲ್ಲ. ಅಳತೆ ಸರಿಯಿರುವ ಒಂದು ವಿಡಿಯೊ ಸಾಕು. ಉಪ್ಪು ಹುಳಿ ಹೆಚ್ಚುಕಡಿಮೆಯಾದರೂ ಕೊನೆಗೆ ತಿದ್ದಿಕೊಳ್ಳಬಹುದು. ಕ್ಲಾಸ್ ಬೇಕಾಗುವುದು ಹದ ಕೈಗೆ ಗೊತ್ತಾಗಬೇಕಾದ ಅಡುಗೆಗೆ.

ಜೋಳದ ರೊಟ್ಟಿಯನ್ನೇ ನೋಡಿ. ಜೋಳದಲ್ಲಿ ಗೋಧಿಯಲ್ಲಿರುವ ಗ್ಲುಟೆನ್ ಇಲ್ಲ. ಹಿಟ್ಟನ್ನು ಎಳೆದರೆ ಹಿಗ್ಗುವುದಿಲ್ಲ, ಹರಿಯುತ್ತದೆ. ಅದಕ್ಕೇ ಕುದಿಯುವ ಎಸರು ಹಾಕಿ ಕಲಸುತ್ತಾರೆ. ಆ ಬಿಸಿಗೆ ಹಿಟ್ಟಿನ ಪಿಷ್ಟ ಬೆಂದು ಅಂಟು ಬರುತ್ತದೆ. ಇಷ್ಟನ್ನು ಯಾವ ವಿಡಿಯೊ ಬೇಕಾದರೂ ಹೇಳುತ್ತದೆ. ಅದರಿಂದ ಕಲಿಯಲಾಗದ್ದು ಮುಂದಿನದು. ಕೈ ತಡೆಯುವಷ್ಟು ಬಿಸಿ ಇರುವಾಗಲೇ ಅಂಗೈಯ ಬುಡದಿಂದ ಒತ್ತಿ ತಿಕ್ಕಿ ನಾದಬೇಕು. ಹಿಟ್ಟು ಮೊದಲು ಪುಡಿಪುಡಿಯಾಗಿರುತ್ತದೆ, ಆಮೇಲೆ ಬಿರುಕು ಬಿಡುತ್ತದೆ, ನಾದುತ್ತ ನಾದುತ್ತ ಇದ್ದಕ್ಕಿದ್ದಂತೆ ನುಣ್ಣಗಾಗುತ್ತದೆ. ಉಂಡೆಯನ್ನು ಒತ್ತಿದರೆ ಅಂಚು ಸೀಳಬಾರದು. ಬಡಿಯುವಾಗ ಪೆಟ್ಟು ನಡುವಿಗೆ ಬೀಳದೆ ಅಂಚಿನ ಕಡೆಗೆ ಬೀಳಬೇಕು, ಒಂದೊಂದು ಪೆಟ್ಟಿಗೂ ರೊಟ್ಟಿ ತಾನಾಗಿ ಅಷ್ಟಷ್ಟೇ ತಿರುಗುತ್ತ ಹೋಗಬೇಕು. ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರಿನ ಹೊಳಪು ಆರುತ್ತಿದ್ದಂತೆ ಮಗುಚಬೇಕು. ಅವಸರ ಮಾಡಿದರೆ ಹಂಚಿಗೆ ಹತ್ತುತ್ತದೆ, ತಡಮಾಡಿದರೆ ಬಿರಿಯುತ್ತದೆ. ಪಕ್ಕದಲ್ಲಿ ನಿಂತವರು ‘ಹೂಂ, ಈಗ ಮಗುಚಿ ಹಾಕಿ’ ಎಂದು ಹೇಳುತ್ತಾರಲ್ಲ, ನೀವು ಶುಲ್ಕ ಕೊಡುವುದು ಆ ಮಾತಿಗೆ.

ಹೀಗೆ ಪಕ್ಕದಲ್ಲಿ ಒಬ್ಬರು ನಿಲ್ಲಬೇಕಾದ ಅಡುಗೆಗಳ ಪಟ್ಟಿ ಉದ್ದವಿದೆ. ಒಬ್ಬಟ್ಟಿನ ಕಣಕ, ಮೈಸೂರು ಪಾಕಿನ ಎಳೆ ಪಾಕ, ಅಕ್ಕಿ ಕಡುಬಿನ ಹಿಟ್ಟು ತೊಳಸುವುದು. ಬೇರೆ ಕಡೆಯ ಅಡುಗೆಗಳಲ್ಲಿ ಸೋರ್‌ಡೋ ಬ್ರೆಡ್, ಕೈಯಲ್ಲೇ ಲಟ್ಟಿಸುವ ಪಾಸ್ತಾ, ಮೋಮೊ ಮಡಿಚುವುದು, ಕೇಕಿಗೆ ಕ್ರೀಮ್ ಬಳಿಯುವುದು, ಚಾಕೊಲೇಟ್ ಟೆಂಪರಿಂಗ್. ಈ ಕೊನೆಯದರಲ್ಲಿ ಡಾರ್ಕ್ ಚಾಕೊಲೇಟನ್ನು ಸುಮಾರು 45 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗಿಸಿ, 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸಬೇಕು. ತಪ್ಪಿದರೆ ಚಾಕೊಲೇಟಿಗೆ ಹೊಳಪು ಬರುವುದಿಲ್ಲ, ಮುರಿದರೆ ಟಕ್ಕೆನ್ನುವುದಿಲ್ಲ, ಮೇಲೆ ಬೂದುಬಣ್ಣದ ಪಟ್ಟೆ ಏಳುತ್ತದೆ. ಸೆಖೆಯ ಊರಿನ ಮನೆಯಲ್ಲಿ ಒಬ್ಬರೇ ಪ್ರಯತ್ನಿಸಿ ಕೈಸೋಲುವ ಕೆಲಸ ಇದು.

ಪಟ್ಟಿಯಲ್ಲಿ ಸೇರಿಸಬೇಕಾದ ಇನ್ನೊಂದು, ಕೇಳಲು ಸಪ್ಪೆ ಎನಿಸುವ ‘ನೈಫ್ ಸ್ಕಿಲ್ಸ್’ ಕ್ಲಾಸು. ಈಳಿಗೆ ಮಣೆ ಬಿಟ್ಟು ಚಾಕು, ಕಟಿಂಗ್ ಬೋರ್ಡಿಗೆ ಬಂದ ನಮ್ಮಲ್ಲಿ ಹೆಚ್ಚಿನವರಿಗೆ ಚಾಕು ಹಿಡಿಯುವುದನ್ನು ಯಾರೂ ಹೇಳಿಕೊಟ್ಟಿಲ್ಲ. ಬೆರಳ ತುದಿ ಒಳಗೆ ಮಡಿಚಿ ತರಕಾರಿ ಹಿಡಿಯುವುದು, ಚಾಕು ಸರಿಯಾಗಿ ಹಿಡಿಯುವುದು, ಸಾಣೆ ಕೊಡುವುದು ಇಷ್ಟನ್ನು ಕಲಿಸುವ ಎರಡು ಗಂಟೆಯ ಕ್ಲಾಸು ಸಿಕ್ಕರೆ ಬಿಡಬೇಡಿ. ಅದು ದಿನಾ ಬೆಳಿಗ್ಗೆ ಉಪಯೋಗಕ್ಕೆ ಬರುತ್ತದೆ.

ಎಲ್ಲೆಲ್ಲಿ ಸಿಗುತ್ತವೆ

ಬೇಕಿಂಗ್ ಅಕಾಡೆಮಿಗಳು. ಕೇಕ್, ಬ್ರೆಡ್, ಚಾಕೊಲೇಟ್ ಕಲಿಯುವವರಿಗೆ ಬೆಂಗಳೂರಿನಲ್ಲಿ ಆಯ್ಕೆ ಹೆಚ್ಚು. 2012ರಲ್ಲಿ ಶುರುವಾದ ಲವೋನ್ ಅಕಾಡೆಮಿ, ಹಳೆಯದಾದ ಇನ್‌ಸ್ಟಿಟ್ಯೂಟ್ ಆಫ್ ಬೇಕಿಂಗ್ ಅಂಡ್ ಕೇಕ್ ಆರ್ಟ್, ಅಕಾಡೆಮಿ ಆಫ್ ಪೇಸ್ಟ್ರಿ ಅಂಡ್ ಕಲಿನರಿ ಆರ್ಟ್ಸ್ ಇವೆಲ್ಲ ಮುಖ್ಯವಾಗಿ ವೃತ್ತಿಪರರನ್ನು ತಯಾರು ಮಾಡುವ ಸಂಸ್ಥೆಗಳು. ಹಾಗಿದ್ದರೂ ಇಂಥ ಕಡೆ ಹವ್ಯಾಸಿಗಳಿಗೆಂದು ಒಂದೆರಡು ದಿನದ ತರಗತಿಗಳೂ ನಡೆಯುತ್ತವೆ. ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಫೋನ್ ಮಾಡಿ ‘ಹಾಬಿ ಕ್ಲಾಸ್’ ಇದೆಯೇ ಎಂದೇ ಕೇಳಿ. ಇಲ್ಲಿನ ಅನುಕೂಲ ಅಚ್ಚುಕಟ್ಟು: ಪ್ರತಿಯೊಂದೂ ಗ್ರಾಂ ಲೆಕ್ಕದಲ್ಲಿ, ಪ್ರತಿ ಹಂತಕ್ಕೂ ಕಾರಣ. ಅನನುಕೂಲ ಓವನ್ನು. ಅಲ್ಲಿರುವುದು ದೊಡ್ಡ ಡೆಕ್ ಓವನ್ ಅಥವಾ ಕನ್ವೆಕ್ಷನ್ ಓವನ್. ನಿಮ್ಮ ಮನೆಯಲ್ಲಿರುವುದು ಪುಟ್ಟ ಒಟಿಜಿ, ಅಂದರೆ ಓವನ್ ಟೋಸ್ಟರ್ ಗ್ರಿಲ್ಲರ್. ಒಟಿಜಿಯ ಕಡ್ಡಿ ಬ್ರೆಡ್ಡಿನ ನೆತ್ತಿಗೆ ಹತ್ತಿರವಿರುವುದರಿಂದ ಒಳಗೆ ಬೇಯುವ ಮೊದಲೇ ಮೇಲೆ ಕಪ್ಪಾಗಬಹುದು. ತಟ್ಟೆಯನ್ನು ಯಾವ ಹಂತದಲ್ಲಿ ಇಡಬೇಕು, ಯಾವಾಗ ಫಾಯಿಲ್ ಮುಚ್ಚಬೇಕು ಎಂದು ಕ್ಲಾಸಿನಲ್ಲೇ ಕೇಳಿಕೊಂಡು ಬನ್ನಿ.

ಮನೆಯಲ್ಲೇ ಕಲಿಸುವವರು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ, ಜಯನಗರ ಅಂತಲ್ಲ, ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಬಡಾವಣೆಗಳಲ್ಲೂ ಗೇಟಿಗೆ ಪುಟ್ಟ ಬೋರ್ಡು ಹಾಕಿಕೊಂಡು ಕೇಕ್, ಚಾಟ್, ಹಬ್ಬದ ಸಿಹಿ ಕಲಿಸುವ ಗೃಹಿಣಿಯರಿದ್ದಾರೆ. ಈಗ ಬೋರ್ಡಿನ ಬದಲು ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್. ಮೇಲಿನ ಅಳತೆಗೋಲಿಗೆ ಹೆಚ್ಚು ಒಪ್ಪುವವರು ಇವರೇ: ಇವರ ಒಲೆ, ಮಿಕ್ಸಿ, ಕುಕ್ಕರು ನಿಮ್ಮ ಮನೆಯಲ್ಲಿರುವಂಥವೇ. ಅಲ್ಲಿ ಬಂದದ್ದು ಮನೆಯಲ್ಲೂ ಬರುತ್ತದೆ. ಒಂದೇ ತೊಡಕು, ಪಳಗಿದ ಕೈಯವರಿಗೆ ಕಣ್ಣಳತೆ. ‘ಒಂದು ಹಿಡಿ’, ‘ಬೇಕಾದಷ್ಟು ನೀರು’ ಎನ್ನುತ್ತಾರೆ. ಒಂದು ಚಿಕ್ಕ ಡಿಜಿಟಲ್ ತಕ್ಕಡಿ ಒಯ್ಯಿರಿ, ಅವರ ಹಿಡಿಯನ್ನು ತೂಗಿ ಬರೆದುಕೊಳ್ಳಿ. ಮೊದಲೇ ಕೇಳಿಕೊಂಡರೆ ಯಾರೂ ಬೇಸರಿಸುವುದಿಲ್ಲ.

ಸ್ಟಾರ್ ಹೋಟೆಲ್‌ಗಳು, ರೆಸ್ಟೊರೆಂಟ್‌ಗಳು. ಇಲ್ಲಿ ನಡೆಯುವ ‘ಮಾಸ್ಟರ್‌ಕ್ಲಾಸ್’ಗಳು ಅರ್ಧ ಪಾಠ, ಅರ್ಧ ಔತಣ. ಮದುವೆ ವಾರ್ಷಿಕೋತ್ಸವಕ್ಕೆ ಹೊಸ ರೀತಿಯ ಉಡುಗೊರೆ ಬೇಕೆಂದರೆ ಚೆನ್ನಾಗಿರುತ್ತದೆ. ಕಲಿಯುವ ದೃಷ್ಟಿಯಿಂದ ಮಾತ್ರ ಎರಡು ವಿಷಯ ಗಮನಿಸಿ. ವೋಕ್‌ನಲ್ಲಿ ಮಾಡುವ ಅಡುಗೆಗೆ ಅಲ್ಲಿನ ಬರ್ನರಿನ ಉರಿ ನಮ್ಮ ಮನೆಯ ಗ್ಯಾಸಿಗಿಂತ ಹಲವು ಪಟ್ಟು ಜೋರು. ಆ ಉರಿ ಕೊಡುವ ಸುಟ್ಟ ಘಮ ಮನೆಯಲ್ಲಿ ಬರಬೇಕಾದರೆ ಒಂದು ಸಲಕ್ಕೆ ಒಂದು ತಟ್ಟೆಯಷ್ಟನ್ನೇ ಹುರಿಯಬೇಕು. ಇನ್ನೊಂದು, ಆಮದು ಸಾಮಗ್ರಿ. ಮಾಡುವ ಅಡುಗೆಗೆ ಬೇಕಾದದ್ದು ನಿಮ್ಮ ಬಡಾವಣೆಯ ಅಂಗಡಿಯಲ್ಲಿ ಸಿಗದಿದ್ದರೆ ಆ ಪಾಠ ಅಲ್ಲಿಗೇ ಮುಗಿಯುತ್ತದೆ.

ಸರ್ಕಾರಿ ಮತ್ತಿತರ ತರಬೇತಿ ಸಂಸ್ಥೆಗಳು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಆವರಣದಲ್ಲಿ ಬೇಕರಿ ತರಬೇತಿ ಕೇಂದ್ರವಿದೆ. ಇಲ್ಲಿ ತರಬೇತಿ ಪಡೆದು ಬೇಕರಿ ತೆರೆದವರು ರಾಜ್ಯದ ತುಂಬ ಇದ್ದಾರೆ. ಮೈಸೂರಿನಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, ಆಹಾರ ಸಂಸ್ಕರಣೆಯ ಅಲ್ಪಾವಧಿ ಕೋರ್ಸುಗಳನ್ನು ಶುಲ್ಕಕ್ಕೆ ನಡೆಸುತ್ತದೆ. ಜಿಲ್ಲೆಗಳ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಸಿರಿಧಾನ್ಯದ ತಿನಿಸು, ಉಪ್ಪಿನಕಾಯಿ, ಹಣ್ಣಿನ ಸ್ಕ್ವಾಷ್ ಮುಂತಾದವುಗಳ ತರಬೇತಿ ಆಗಾಗ ಇರುತ್ತದೆ. ಇವು ವಿನೋದಕ್ಕಾಗಿ ಹಮ್ಮಿಕೊಂಡವಲ್ಲ, ರೈತರಿಗೂ ಸಣ್ಣ ಉದ್ದಿಮೆದಾರರಿಗೂ ಉದ್ದೇಶಿಸಿದವು. ಆದರೂ ಉಪ್ಪಿನಕಾಯಿ ಏಕೆ ಕೆಡುತ್ತದೆ, ಜಾಮ್ ಯಾವಾಗ ಗಟ್ಟಿಯಾಗುತ್ತದೆ ಎಂಬುದನ್ನು ಬುಡದಿಂದ ತಿಳಿಯುವ ಆಸಕ್ತಿಯಿದ್ದರೆ ಇಲ್ಲಿ ವಿಚಾರಿಸಬಹುದು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ತರಬೇತಿಗಳು ಮಾತ್ರ ನಿರುದ್ಯೋಗಿ ಯುವಜನರಿಗಾಗಿ. ಹವ್ಯಾಸಕ್ಕೆ ಬಂದವರು ಅಲ್ಲಿನ ಒಂದು ಸೀಟನ್ನು ಹಿಡಿಯುವುದು ನ್ಯಾಯವಲ್ಲ.

ಹೋಮ್‌ಸ್ಟೇಗಳು. ಕೊಡಗು, ಮಲೆನಾಡು, ಕರಾವಳಿಯ ಹೋಮ್‌ಸ್ಟೇಗಳಲ್ಲಿ ಉಳಿದಾಗ ಅಡುಗೆಮನೆಗೆ ಬಿಡುತ್ತೀರಾ ಎಂದು ಕೇಳಿ ನೋಡಿ. ಫಲಕದಲ್ಲಿ ‘ಕುಕಿಂಗ್ ಕ್ಲಾಸ್’ ಎಂದು ಇಲ್ಲದಿದ್ದರೂ, ಮುಂಚೆ ತಿಳಿಸಿದರೆ ಒಂದು ಹೊತ್ತಿನ ಅಡುಗೆ ತೋರಿಸಿಕೊಡುವ ಮನೆಗಳಿವೆ. ಕೊಡಗಿನಲ್ಲಾದರೆ ಕಡಂಬುಟ್ಟು, ನೂಪುಟ್ಟು, ಕಾಚಂಪುಳಿ ಎಂಬ ಹುಳಿರಸ ಹಾಕಿದ ಪಂದಿ ಕರಿ. ಕಾಚಂಪುಳಿ ಎಷ್ಟು ಹನಿಗೆ ಎಷ್ಟು ಹುಳಿ ಎಂಬುದು ಅಲ್ಲಿನವರಿಂದಲೇ ತಿಳಿಯಬೇಕಾದದ್ದು. ಋತು ನೋಡಿಕೊಂಡು ಹೋಗಿ: ಮಳೆಗಾಲದಲ್ಲಿ ಕಳಲೆ, ಕೆಸುವಿನೆಲೆಯ ಪತ್ರೊಡೆ. ಕಳಲೆಯನ್ನು ಹೆಚ್ಚಿ ನೀರು ಬದಲಿಸುತ್ತ ನೆನೆಸಿ ಕಹಿಯನ್ನೂ ವಿಷವನ್ನೂ ತೆಗೆಯುವುದು, ಕೆಸುವಿನ ತುರಿಕೆಯನ್ನು ಹುಣಸೆಹುಳಿಯಿಂದ ತಗ್ಗಿಸುವುದು ಇವನ್ನೆಲ್ಲ ಬಲ್ಲವರ ಎದುರೇ ಕಲಿಯಬೇಕು. ಕರಾವಳಿಗೆ ಹೋದವರು ಮಣಿಪಾಲದ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನ ಆವರಣದಲ್ಲಿ 2018ರಲ್ಲಿ ತೆರೆದ ಪಾಕಕಲಾ ವಸ್ತುಸಂಗ್ರಹಾಲಯವನ್ನೂ ನೋಡಬಹುದು. ಅದೇ ಕಾಲೇಜಿನಲ್ಲಿ ಓದಿದ ಬಾಣಸಿಗ ವಿಕಾಸ್ ಖನ್ನಾ ಸಂಗ್ರಹಿಸಿದ ದೇಶದ ನಾನಾ ಕಡೆಯ ಪಾತ್ರೆ ಪಡಗಗಳು ಅಲ್ಲಿವೆ. ಗಡಿಯಾಚೆ, ತಮಿಳುನಾಡಿನ ಕಾರೈಕುಡಿಯಲ್ಲಿರುವ ‘ದಿ ಬಂಗಲಾ’ ಚೆಟ್ಟಿನಾಡು ಅಡುಗೆ ಕಲಿಸುವುದಕ್ಕೆ ಹೆಸರಾದ ಪಾರಂಪರಿಕ ಹೋಟೆಲು.

ಹುಡುಕುವಾಗ ಗೂಗಲ್ ಮ್ಯಾಪ್ ಒಂದನ್ನೇ ನಂಬಬೇಡಿ. ಬುಕ್‌ಮೈಶೋದಲ್ಲಿ ವರ್ಕ್‌ಶಾಪ್‌ಗಳ ವಿಭಾಗ ನೋಡಿ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿಚಾರಿಸಿ. ಬೇಕಿಂಗ್ ಸಾಮಗ್ರಿ ಮಾರುವ ಅಂಗಡಿಯವರನ್ನು ಕೇಳಿ. ಊರಿನಲ್ಲಿ ಯಾರು ಕಲಿಸುತ್ತಾರೆ, ಯಾರ ವಿದ್ಯಾರ್ಥಿಗಳು ಮತ್ತೆ ಮತ್ತೆ ಮೈದಾ, ಬೆಣ್ಣೆ ಕೊಳ್ಳಲು ಬರುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಇನ್‌ಸ್ಟಾಗ್ರಾಂ ಪುಟದಲ್ಲಿ ಶೆಫ್ ಮಾಡಿದ ಕೇಕಿನ ಚಿತ್ರ ಬಿಟ್ಟು ವಿದ್ಯಾರ್ಥಿಗಳು ಮಾಡಿದ ಕೇಕಿನ ಚಿತ್ರ ನೋಡಿ. ಅದರಲ್ಲಿ ಒಂದೆರಡು ಸೊಟ್ಟಗಿದ್ದರೆ ಒಳ್ಳೆಯದೇ. ಅವು ವಿದ್ಯಾರ್ಥಿಗಳೇ ಮಾಡಿದವು ಎಂದರ್ಥ.

ಡೆಮೊನೋ, ಹ್ಯಾಂಡ್ಸ್-ಆನೋ

ಡೆಮೊ ಕ್ಲಾಸಿನಲ್ಲಿ ಕಲಿಸುವವರು ಮಾಡುತ್ತಾರೆ, ನೀವು ನೋಡಿ ಬರೆದುಕೊಳ್ಳುತ್ತೀರಿ. ಹ್ಯಾಂಡ್ಸ್-ಆನ್ ಕ್ಲಾಸಿನಲ್ಲಿ ನೀವೇ ಮಾಡುತ್ತೀರಿ. ನಡುವೆ ಮೂರನೆಯದೊಂದಿದೆ, ಜಾಹೀರಾತಿನಲ್ಲಿ ಹ್ಯಾಂಡ್ಸ್-ಆನ್ ಎಂದಿರುತ್ತದೆ, ಅಲ್ಲಿ ಹೋದರೆ ಎಂಟು ಜನಕ್ಕೆ ಒಂದು ಬಟ್ಟಲು, ಸರದಿಯಲ್ಲಿ ಒಬ್ಬೊಬ್ಬರು ಎರಡು ಸುತ್ತು ತಿರುವುವುದು. ಇದನ್ನು ಪತ್ತೆಹಚ್ಚಲು ಸುಲಭದ ಲೆಕ್ಕವಿದೆ. ಮೂರು ಗಂಟೆ ಎಂದರೆ 180 ನಿಮಿಷ. ಆರಂಭದ ಪರಿಚಯ, ಕೊನೆಯ ಊಟ ಕಳೆದರೆ ಎರಡು ಗಂಟೆ ಉಳಿಯಿತು. ಅಷ್ಟರಲ್ಲಿ ‘ಆರು ಬಗೆಯ ಕೇಕ್’ ಎಂದು ಹಾಕಿದ್ದರೆ ಒಂದಕ್ಕೆ ಸಿಗುವುದು 20 ನಿಮಿಷ. ಸಾಮಾನ್ಯ ಸ್ಪಾಂಜ್ ಕೇಕ್ ಬೇಯುವುದಕ್ಕೇ ಅರ್ಧ ಗಂಟೆ ಬೇಕು. ಅಂದರೆ ನೀವು ನೋಡಲು ಹೋಗುತ್ತಿದ್ದೀರಿ, ಮಾಡಲು ಅಲ್ಲ. ಎರಡು, ಹೆಚ್ಚೆಂದರೆ ಮೂರು ಪದಾರ್ಥ ಕಲಿಸುವ ಕ್ಲಾಸೇ ಸರಿ.

ಹುದುಗು ಬರಬೇಕಾದ ಪದಾರ್ಥಗಳದು ಬೇರೆ ಲೆಕ್ಕ. ಸೋರ್‌ಡೋ ಹಿಟ್ಟಿಗೆ ಕಲಸುವುದರಿಂದ ಬೇಯಿಸುವವರೆಗೆ ಒಂದು ಇಡೀ ದಿನ ಹಿಡಿಯಬಹುದು, ಅದರ ಸ್ಟಾರ್ಟರ್, ಅಂದರೆ ಹುಳಿ ಹೆಪ್ಪನ್ನು, ಹೊಸದಾಗಿ ಎಬ್ಬಿಸಲು ವಾರವೇ ಬೇಕು. ಅರ್ಧ ದಿನದ ಕ್ಲಾಸಿನಲ್ಲಿ ಇದನ್ನು ಕಲಿಸುವವರು ಬೇರೆ ಬೇರೆ ಹಂತದ ಹಿಟ್ಟನ್ನು ಮುಂಚೆಯೇ ಸಿದ್ಧ ಮಾಡಿಟ್ಟಿರಬೇಕು, ಕಲಸಿದ್ದು, ಮಡಿಚಿದ್ದು, ಉಬ್ಬಿದ್ದು, ಹೆಚ್ಚು ಉಬ್ಬಿ ಕುಸಿದದ್ದು. ಈ ಕೊನೆಯದನ್ನೂ ತೋರಿಸುವ ಗುರು ಸಿಕ್ಕರೆ ನಿಮ್ಮ ಅದೃಷ್ಟ. ಸ್ಟಾರ್ಟರ್ ಮನೆಗೆ ಕೊಡುತ್ತಾರೆಯೇ ಎಂದೂ ಕೇಳಿ.

ಜೋಡಿಯಾಗಿ ಹೋಗುವವರಿಗೆ

ಭಾರತದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸಿದರೆ, ಕೈಹಾಕಿದ ಗಂಡಸರು 97 ನಿಮಿಷ. ಅಡುಗೆಮನೆಯಲ್ಲಿ ಈ ಅಂತರದ ಪರಿಣಾಮ ಎದ್ದು ಕಾಣುತ್ತದೆ. ಹೆಚ್ಚಿನ ಮನೆಗಳಲ್ಲಿ ಒಬ್ಬರು ಯಜಮಾನಿ, ಇನ್ನೊಬ್ಬರು ಸಹಾಯಕ. ‘ಬೆಳ್ಳುಳ್ಳಿ ಸುಲಿದುಕೊಡು’, ‘ಹೀಗಲ್ಲ, ಇನ್ನೂ ಸಣ್ಣಗೆ ಹೆಚ್ಚು’ ಎನ್ನುವ ಮಾತು ಒಂದೇ ದಿಕ್ಕಿನಲ್ಲಿ ಹರಿಯುತ್ತಿರುತ್ತದೆ. ಕೆಲವು ಮನೆಗಳಲ್ಲಿ ಇದು ಉಲ್ಟಾ; ಗಂಡನ ಅಡುಗೆಯೇ ಮೇಲು.

ಆದ್ದರಿಂದ ಜೋಡಿಗಳಿಗೆ ಮೊದಲ ಸಲಹೆ: ಇಬ್ಬರಿಗೂ ಬಾರದ್ದನ್ನು ಆರಿಸಿ. ಹೆಂಡತಿಗೆ ಚೆನ್ನಾಗಿ ಬರುವ ದಕ್ಷಿಣ ಭಾರತದ ಅಡುಗೆಯ ಕ್ಲಾಸಿಗೆ ಗಂಡನನ್ನು ಕರೆದೊಯ್ದರೆ ಮನೆಯ ಪಾಠ ಅಲ್ಲಿ ಮುಂದುವರಿಯುತ್ತದೆ, ಅಷ್ಟೆ. ಸುಶಿ, ಮೋಮೊ, ಪಾಸ್ತಾ, ಬ್ರೆಡ್ ಇಂಥದ್ದಾದರೆ ಇಬ್ಬರೂ ಮೊದಲ ಬೆಂಚಿನವರೇ. ಹಳೆ ಮೈಸೂರಿನವರಾದರೆ ಜೋಳದ ರೊಟ್ಟಿ, ಎಣ್ಣೆಗಾಯಿ. ಧಾರವಾಡದವರಾದರೆ ನೀರುದೋಸೆ, ಕೋರಿ ಗಸಿ. ಅಂತರ ಕಡಿಮೆ ಮಾಡಲು ದೂರದ ದೇಶದ ಅಡುಗೆಯೇ ಆಗಬೇಕಿಲ್ಲ.

ಎರಡನೆಯದು, ಬುಕ್ ಮಾಡುವ ಮೊದಲು ಶುಲ್ಕ ತಲೆಗೋ ಜೋಡಿಗೋ, ಒಲೆ ಮತ್ತು ಮೇಜು ಇಬ್ಬರಿಗೆ ಒಂದೋ ಎರಡೋ ಎಂದು ಕೇಳಿ. ಒಂದೇ ಮೇಜಾದರೆ ಅರ್ಧ ಹೊತ್ತಿಗೆ ಕೆಲಸ ಬದಲಿಸಿಕೊಳ್ಳಿ. ಕಲಸಿದವರು ಲಟ್ಟಿಸಲಿ, ಲಟ್ಟಿಸಿದವರು ಒಲೆ ಮುಂದೆ ನಿಲ್ಲಲಿ. ಇಲ್ಲವಾದರೆ ಮನೆಗೆ ಬಂದ ಮೇಲೆ ಒಬ್ಬರಿಗೆ ಅರ್ಧ ಅಡುಗೆ, ಇನ್ನೊಬ್ಬರಿಗೆ ಇನ್ನರ್ಧ. ಮೂರನೆಯದು, ಫೆಬ್ರುವರಿ 14ರ ಆಸುಪಾಸಿನ ಪ್ಯಾಕೇಜುಗಳಲ್ಲಿ ಮೇಣದಬತ್ತಿ, ಗುಲಾಬಿ, ಫೋಟೊ ಮೂಲೆಯ ಖರ್ಚೂ ಸೇರಿರುತ್ತದೆ. ಕಲಿಯುವುದೇ ಮುಖ್ಯವಾದರೆ ಒಂದೆರಡು ವಾರ ಬಿಟ್ಟು ಹೋಗಿ.

ಜೋಡಿ ಎಂದರೆ ಗಂಡ ಹೆಂಡತಿಯೇ ಆಗಬೇಕೆಂದಿಲ್ಲ. ಅಪ್ಪ ಮಗಳು, ಅತ್ತೆ ಸೊಸೆ, ಹಾಸ್ಟೆಲಿಗೆ ಹೊರಟ ಮಗ ಮತ್ತು ಅಮ್ಮ, ನಿವೃತ್ತರಾದ ಸ್ನೇಹಿತರು ಯಾರು ಬೇಕಾದರೂ ಹೋಗಬಹುದು. ಮಕ್ಕಳನ್ನು ಕರೆದೊಯ್ಯುವುದಿದ್ದರೆ ಕನಿಷ್ಠ ವಯಸ್ಸು ಎಷ್ಟೆಂದು ಮಾತ್ರ ಮೊದಲೇ ಕೇಳಿ. ಬಿಸಿಯೆಣ್ಣೆ, ಚಾಕು ಇರುವಲ್ಲಿ ಚಿಕ್ಕವರನ್ನು ಬಿಡುವುದಿಲ್ಲ.

ಸಸ್ಯಾಹಾರಿಗಳು ಕೇಳಲೇಬೇಕಾದದ್ದು

‘ವೆಜ್’ ಎಂದು ಬರೆದಿದ್ದರೂ ಕೆಲವು ಪದಾರ್ಥಗಳನ್ನು ಹೆಸರಿಟ್ಟು ಕೇಳುವುದು ಒಳ್ಳೆಯದು. ಇಟಲಿಯ ಅಸಲಿ ಪಾರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿ ಹೆಪ್ಪುಹಾಕುತ್ತಾರೆ. ಥಾಯ್ ಅಡುಗೆಯಲ್ಲಿ ಮೀನಿನ ಸಾಸ್ ಸರ್ವೇಸಾಮಾನ್ಯ, ಅಂಗಡಿಯ ರೆಡಿ ಕರಿ ಪೇಸ್ಟಿನಲ್ಲಿ ಸೀಗಡಿ ಇರಬಹುದು. ಚೀಸ್‌ಕೇಕ್, ಮೂಸ್, ಮಾರ್ಷ್‌ಮೆಲೊಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಇರಬಹುದು. ಬದಲಿಗೆ ನಾವು ಚೈನಾ ಗ್ರಾಸ್ ಎನ್ನುವ ಅಗರ್ ಅಗರ್ ಬಳಸಬಹುದು, ಅಳತೆ ಬೇರೆ. ತಿರಾಮಿಸುವಿನಲ್ಲಿ ಹಸಿ ಮೊಟ್ಟೆಯ ಹಳದಿ ಇರುವುದುಂಟು. ಬಸುರಿಯರು ಇದನ್ನು ಗಮನಿಸಬೇಕು.

ಎಗ್‌ಲೆಸ್ ಕೇಕ್ ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳಿ: ಮೊಟ್ಟೆಯ ಜಾಗದಲ್ಲಿ ಏನು, ಯಾಕೆ? ಮೊಸರು ಮತ್ತು ಅಡುಗೆ ಸೋಡ, ಹಾಲಿನ ಜೊತೆ ವಿನೆಗರ್, ಕಂಡೆನ್ಸ್‌ಡ್ ಮಿಲ್ಕ್ ಒಂದೊಂದೂ ಬೇರೆ ಬೇರೆ ಕೆಲಸ ಮಾಡುತ್ತವೆ. ಉತ್ತರ ಸ್ಪಷ್ಟವಾಗಿ ಬಂದರೆ ಕಲಿಸುವವರಿಗೆ ವಿಷಯ ಗೊತ್ತಿದೆ ಎಂದು ತಿಳಿಯಿರಿ. ಪಾಸ್ತಾ ಕಲಿಯುವ ಸಸ್ಯಾಹಾರಿಗಳು ಮೊಟ್ಟೆಯ ಪಾಸ್ತಾಕ್ಕೆ ಹೊಂದಾಣಿಕೆ ಮಾಡಿಕೊಳ್ಳುವ ಬದಲು, ಡ್ಯೂರಮ್ ಗೋಧಿಯ ರವೆಹಿಟ್ಟು ಮತ್ತು ನೀರಿನಲ್ಲೇ ಕಲಸುವ ದಕ್ಷಿಣ ಇಟಲಿಯ ಪಾಸ್ತಾ ಕಲಿಸಿ ಎಂದು ಕೇಳಬಹುದು. ಕಡಲೆಬೀಜ, ಗೋಡಂಬಿ, ಹಾಲು, ಗ್ಲುಟೆನ್ ಒಗ್ಗದವರು ಬುಕಿಂಗ್ ಹೊತ್ತಿಗೇ ಲಿಖಿತವಾಗಿ ತಿಳಿಸಬೇಕು. ಕ್ಲಾಸಿನ ದಿನ ಹೇಳಿದರೆ ಬದಲಿ ಸಾಮಗ್ರಿ ಇರುವುದಿಲ್ಲ.

ಶುಲ್ಕದ ಲೆಕ್ಕ

ಕ್ಲಾಸು ದುಬಾರಿಯೋ ಅಲ್ಲವೋ ಎಂಬುದನ್ನು ಬೋರ್ಡಿನ ಮೊತ್ತ ಹೇಳುವುದಿಲ್ಲ. ಉದಾಹರಣೆಗೆ ಒಂದು ಕಡೆ 2,000 ರೂಪಾಯಿಗೆ ಎರಡು ಗಂಟೆಯ ಡೆಮೊ, 20 ಜನ. ಇನ್ನೊಂದು ಕಡೆ 3,500ಕ್ಕೆ ನಾಲ್ಕು ಗಂಟೆ, ಆರು ಜನ, ಪ್ರತಿಯೊಬ್ಬರಿಗೂ ಸಾಮಗ್ರಿ, ಮನೆಗೆ ಒಂದು ಇಡೀ ಬ್ರೆಡ್ಡು. ಗಂಟೆಯ ಲೆಕ್ಕ ಹಾಕಿದರೆ ಎರಡನೆಯದೇ ಅಗ್ಗ. ಹೇಳಿದ ಮೊತ್ತಕ್ಕೆ ಜಿಎಸ್‌ಟಿ ಸೇರಿದೆಯೇ ಕೇಳಿ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ಹಾಗಾಗಿ ದೊಡ್ಡ ಸಂಸ್ಥೆಗಳ ಬಿಲ್ಲಿನಲ್ಲಿ ತೆರಿಗೆ ಪ್ರತ್ಯೇಕವಾಗಿ ಬರುತ್ತದೆ.

ಪೂರ್ತಿ ಹಣ ಮುಂಗಡ ಕೇಳಿದರೆ, ಕ್ಲಾಸ್ ರದ್ದಾದರೆ ಏನು, ನಿಮಗೆ ಬರಲಾಗದಿದ್ದರೆ ಏನು ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಯಿಸಿಕೊಳ್ಳಿ. ಹಣ ಪಡೆದು ಸೇವೆ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಆಗ ಈ ಬರಹ ಮತ್ತು ಪಾವತಿಯ ರಸೀದಿ ಬೇಕಾಗುತ್ತದೆ.

ಇನ್ನೊಂದು ಮಾತು ಸರ್ಟಿಫಿಕೇಟಿನ ಬಗ್ಗೆ. ‘ಕೋರ್ಸ್ ಮುಗಿಸಿ, ಮನೆಯಿಂದಲೇ ಕೇಕ್ ಮಾರಿ’ ಎಂಬ ಆಸೆ ತೋರಿಸುವ ಜಾಹೀರಾತುಗಳಿವೆ. ಒಂದು ದಿನದ ಸರ್ಟಿಫಿಕೇಟಿಗೆ ಕಾನೂನಿನ ಬೆಲೆಯಿಲ್ಲ. ಮನೆಯಿಂದ ತಿನಿಸು ಮಾರಬೇಕಾದರೆ ಬೇಕಾಗುವುದು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ, ಅದನ್ನು ಆನ್‌ಲೈನ್‌ನಲ್ಲಿ ನೀವೇ ಮಾಡಿಸಿಕೊಳ್ಳಬಹುದು.

ಫೋನ್ ಮಾಡಿದಾಗ ಕೇಳುವ ಪ್ರಶ್ನೆಗಳು

1. ಒಂದು ಬ್ಯಾಚಿಗೆ ಎಷ್ಟು ಜನ? ಒಂದು ಒಲೆಗೆ ಎಷ್ಟು ಜನ?
2. ಮೊದಲಿನಿಂದ ಕೊನೆಯವರೆಗೆ ನಾನೇ ಮಾಡುವ ಪದಾರ್ಥ ಯಾವುದು?
3. ಯಾವ ಓವನ್, ಯಾವ ಒಲೆ? ನನ್ನ ಮನೆಯಲ್ಲಿರುವುದು ಒಟಿಜಿ ಅಥವಾ ಇಂಡಕ್ಷನ್, ಅದರಲ್ಲಿ ಬರುತ್ತದೆಯೇ?
4. ರೆಸಿಪಿ ಮುದ್ರಿಸಿ ಕೊಡುತ್ತೀರಾ? ಅಳತೆ ಗ್ರಾಂನಲ್ಲೋ ಕಪ್‌ನಲ್ಲೋ?
5. ಸಾಮಗ್ರಿ ಎಲ್ಲಿ ಸಿಗುತ್ತದೆ, ಸಿಗದಿದ್ದರೆ ಬದಲಿಗೆ ಏನು?
6. ಕಲಿಸುವ ಭಾಷೆ ಯಾವುದು? ಕನ್ನಡದಲ್ಲಿ ಕೇಳಿದರೆ ಉತ್ತರ ಸಿಗುತ್ತದೆಯೇ?
7. ಮೊಟ್ಟೆ, ಮಾಂಸದ ಪಾತ್ರೆಗಳು ಬೇರೆಯೇ?
8. ಕ್ಲಾಸ್ ಮುಗಿದ ಮೇಲೆ ಅನುಮಾನ ಬಂದರೆ ಸಂದೇಶ ಕಳಿಸಿ ಕೇಳಬಹುದೇ?

ಎರಡನೆಯ ಮತ್ತು ಎಂಟನೆಯ ಪ್ರಶ್ನೆಗೆ ನೇರ ಉತ್ತರ ಕೊಡುವವರನ್ನು ಆರಿಸಿದರೆ ಸಾಕು, ಉಳಿದವು ಹೇಗೋ ಹೊಂದುತ್ತವೆ.

ಕ್ಲಾಸಿನ ದಿನ ಮತ್ತು ಆಮೇಲೆ

ಹತ್ತಿ ಬಟ್ಟೆ, ಮುಚ್ಚಿದ ಚಪ್ಪಲಿ ಅಥವಾ ಶೂ, ಕಟ್ಟಿದ ಕೂದಲು. ಜೋಲುವ ದುಪಟ್ಟ, ಸೆರಗು ಒಲೆಯ ಹತ್ತಿರ ಬೇಡ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ರುಚಿ ನೋಡುವುದಕ್ಕೂ ಹಸಿವು ತೀರಿಸುವುದಕ್ಕೂ ವ್ಯತ್ಯಾಸವಿದೆ. ಇಡೀ ಕ್ಲಾಸನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸುತ್ತ ನಿಂತರೆ ಕೈ ಕೆಲಸ ಕಲಿಯುವುದಿಲ್ಲ. ಹದ ಗುರುತಿಸುವ ಕ್ಷಣಗಳ ಒಂದೆರಡು ಫೋಟೊ ಸಾಕು, ಅದೂ ಅನುಮತಿ ಕೇಳಿ. ಅಳತೆ ರೆಸಿಪಿಯಲ್ಲಿ ಇದ್ದೇ ಇರುತ್ತದೆ. ನೀವು ಬರೆದುಕೊಳ್ಳಬೇಕಾದದ್ದು ಬಣ್ಣ, ವಾಸನೆ, ಸದ್ದು. ಮೈಸೂರು ಪಾಕಿನಲ್ಲಿ ತುಪ್ಪ ಹೀರಿಕೊಳ್ಳುತ್ತಿದ್ದ ಕಡಲೆಹಿಟ್ಟು ಯಾವಾಗ ಅದನ್ನು ಬಿಡಲು ಶುರುಮಾಡಿತು, ಗೂಡುಗೂಡಾಗಿ ಉಬ್ಬಿದ್ದು ಯಾವಾಗ ಎಂಬಂಥವು. ‘ಇದು ಕೆಟ್ಟರೆ ಹೇಗೆ ಕಾಣುತ್ತದೆ, ಆಗ ಉಳಿಸಿಕೊಳ್ಳುವುದು ಹೇಗೆ’ ಎಂದು ಕನಿಷ್ಠ ಒಂದು ಸಲ ಕೇಳಿ.

ಅಲ್ಲೇ ಮಾರುವ ಅಚ್ಚು, ನೋಜಲ್, ಯಂತ್ರಗಳನ್ನು ಅವತ್ತೇ ಕೊಳ್ಳಬೇಡಿ. ಮನೆಯಲ್ಲಿ ಇರುವ ಪಾತ್ರೆಯಲ್ಲೇ ಒಂದು ಸಲ ಮಾಡಿ ನೋಡಿದ ಮೇಲೆ ಯಾವುದು ನಿಜವಾಗಿ ಬೇಕು ಎಂಬುದು ಗೊತ್ತಾಗುತ್ತದೆ. ಮಾಡುವುದು ಒಂದು ವಾರದೊಳಗೆ ಆಗಬೇಕು. ಕೈಗೆ ಬಂದ ಹದ ಅದಕ್ಕಿಂತ ಹೆಚ್ಚು ದಿನ ನೆನಪಿರುವುದಿಲ್ಲ.

ಹೊರನಾಡಿನಲ್ಲಿರುವವರಿಗೆ

ಅಮೆರಿಕದಲ್ಲಿರುವ ಕನ್ನಡಿಗರಿಗೆ ಸುರ್ ಲಾ ಟೇಬಲ್ ಎಂಬ ಪಾತ್ರೆ ಅಂಗಡಿಗಳ ಸರಣಿಯಲ್ಲಿ ಜೋಡಿಗಳಿಗೆಂದೇ ‘ಡೇಟ್ ನೈಟ್’ ಕ್ಲಾಸುಗಳು ಸಿಗುತ್ತವೆ. ಇನ್ನೂ ಅಗ್ಗದ ದಾರಿ ಕಮ್ಯುನಿಟಿ ಕಾಲೇಜುಗಳ ಸಂಜೆ ತರಗತಿ. ಸಿಂಗಪುರದಲ್ಲಾದರೆ ನಿಮ್ಮ ಬಡಾವಣೆಯ ಕಮ್ಯುನಿಟಿ ಸೆಂಟರಿನ ಕೋರ್ಸು ಪಟ್ಟಿ ನೋಡಿ.

ಊರಿನ ಅಡುಗೆಯನ್ನೇ ಊರಿನವರಿಂದ ಕಲಿಯಬೇಕೆಂದರೆ ಜೂಮ್‌ನಂಥ ಲೈವ್ ಕ್ಲಾಸು. ಭಾರತದಲ್ಲಿ ಶನಿವಾರ ಬೆಳಿಗ್ಗೆ 8 ಗಂಟೆ ಎಂದರೆ ಬೇಸಿಗೆಯ ಕ್ಯಾಲಿಫೋರ್ನಿಯಾದಲ್ಲಿ ಶುಕ್ರವಾರ ಸಂಜೆ 7.30, ಇಲ್ಲಿ ಸಂಜೆ 7.30 ಎಂದರೆ ಬೇಸಿಗೆಯ ಲಂಡನ್ನಿನಲ್ಲಿ ಮಧ್ಯಾಹ್ನ 3. ಎರಡೂ ಅಡುಗೆಗೆ ಒಗ್ಗುವ ಹೊತ್ತುಗಳೇ. ಮೊದಲೇ ರೆಕಾರ್ಡ್ ಮಾಡಿದ ಕೋರ್ಸಿಗೆ ದುಡ್ಡು ಕೊಡುವ ಮುನ್ನ ಯೋಚಿಸಿ; ಕೇಳಿದ ಪ್ರಶ್ನೆಗೆ ಅಲ್ಲಿ ಯಾರೂ ಉತ್ತರಿಸುವುದಿಲ್ಲ. ಲೈವ್ ಕ್ಲಾಸಿನಲ್ಲಿ ಕ್ಯಾಮೆರಾ ನಿಮ್ಮ ಮುಖಕ್ಕಲ್ಲ, ಬಾಣಲೆಗೆ ತಿರುಗಿರಲಿ. ನಿಮ್ಮ ಒಲೆ, ನಿಮ್ಮ ಪಾತ್ರೆ, ಅಲ್ಲಿ ಸಿಗುವ ಹಿಟ್ಟಿನಲ್ಲೇ ಕಲಿಯುವುದರಿಂದ ಆನ್‌ಲೈನ್ ಕ್ಲಾಸಿಗೆ ಇದೊಂದು ವಿಷಯದಲ್ಲಿ ಮೇಲುಗೈ. ಕ್ಲಾಸ್ ಮುಗಿಸಿ ಮನೆಗೆ ಬಂದು ಹೊಂದಿಸಿಕೊಳ್ಳುವ ಕೆಲಸವೇ ಇಲ್ಲ.

ಎಲ್ಲೇ ಇರಲಿ, ಸೀಟು ಕಾದಿರಿಸುವಾಗ ಕ್ಯಾಲೆಂಡರಿನಲ್ಲಿ ಎರಡು ದಿನ ಗುರುತು ಮಾಡಿ: ಒಂದು ಕ್ಲಾಸಿನ ದಿನ, ಇನ್ನೊಂದು ಅದೇ ಅಡುಗೆಯನ್ನು ಮನೆಯಲ್ಲಿ ಮಾಡುವ ದಿನ. ಎರಡನೆಯದಕ್ಕೆ ಇಬ್ಬರಿಗೂ ಬಿಡುವು ಸಿಗದಿದ್ದರೆ ಮೊದಲನೆಯದನ್ನೂ ಮುಂದಿನ ತಿಂಗಳಿಗೆ ಹಾಕಿಕೊಳ್ಳಿ.